ಎರಡೂ ಕೈಗಳ ನಾಡಿ: ಊರೂರಿನ ವೈದ್ಯರಿಗೆ ಒಂದು ಬಹಿರಂಗ ಪತ್ರ

ಮಾನ್ಯ ವೈದ್ಯಬಂಧುಗಳೆ,

ತಾಲ್ಲೂಕು ಆಸ್ಪತ್ರೆಯ ಹೊರರೋಗಿಗಳ ಕೊಠಡಿಯಲ್ಲಿ, ಹೋಬಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಪೇಟೆಬೀದಿಯ ಸಣ್ಣ ಚಿಕಿತ್ಸಾಲಯದಲ್ಲಿ ಕುಳಿತು, ಬೆಳಗಿನಿಂದ ದೀಪ ಹಚ್ಚುವ ಹೊತ್ತಿನವರೆಗೆ ಜ್ವರ, ಕೆಮ್ಮು, ಸುಸ್ತು, ಮೈಕೈನೋವುಗಳ ಅವಿಚ್ಛಿನ್ನ ಪ್ರವಾಹಕ್ಕೆ ಎದೆಯೊಡ್ಡಿರುವ ನಿಮ್ಮನ್ನು ಉದ್ದೇಶಿಸಿ ಈ ಪತ್ರವನ್ನು ಬರೆಯುತ್ತಿದ್ದೇನೆ. ಬಹುಕಾಲ ವೈದ್ಯವೃತ್ತಿಯನ್ನು ಮಾಡಿ, ಅದನ್ನೇ ಕಿರಿಯರಿಗೆ ಬೋಧಿಸಿ, ಈಗ ವಿಶ್ರಾಂತನಾಗಿರುವ ನಾನು, ನಿಮ್ಮಲ್ಲಿ ಅನೇಕರು ವೃತ್ತಿಜೀವನದುದ್ದಕ್ಕೂ ಒಮ್ಮೆಯೋ ಎರಡು ಬಾರಿಯೋ ಮಾತ್ರ ಎದುರುಗೊಳ್ಳಬಹುದಾದ ಒಂದು ವಿರಳ ವ್ಯಾಧಿಯ ವಿಷಯವಾಗಿ ನಿಮ್ಮ ಕಾಲವನ್ನು ಬೇಡುತ್ತಿದ್ದೇನೆಂದರೆ ಅದಕ್ಕೆ ಬಲವಾದ ಕಾರಣವೇ ಇರಬೇಕು. ಆ ಕಾರಣವಿಷ್ಟೆ: ಈ ವ್ಯಾಧಿಗೆ ತುತ್ತಾಗತಕ್ಕವರು ಹೆಚ್ಚಿನ ಮಟ್ಟಿಗೆ ಹತ್ತು ವರ್ಷದಿಂದ ನಲವತ್ತು ವರ್ಷದೊಳಗಿನ ಹೆಣ್ಣುಮಕ್ಕಳು, ಮತ್ತು ಇದರ ಗತಿ ನಿರ್ಣಯವಾಗುವುದು ರಾಜಧಾನಿಯ ದೊಡ್ಡ ಆಸ್ಪತ್ರೆಯ ಯಂತ್ರಶಾಲೆಯಲ್ಲಲ್ಲ, ನಿಮ್ಮ ಮೇಜಿನ ಮುಂದಿನ ಮರದ ಸ್ಟೂಲಿನ ಮೇಲೆ ಆ ಹುಡುಗಿ ಬಂದು ಕುಳಿತ ಮೊದಲ ಐದು ನಿಮಿಷಗಳಲ್ಲಿ.

ವ್ಯಾಧಿಯ ಹೆಸರು ತಕಯಾಸು ಧಮನಿಯುರಿತ. ಹೃದಯದಿಂದ ಹೊರಟು ಎದೆಯನ್ನೂ ಉದರವನ್ನೂ ಹಾದು ಇಳಿಯುವ ಮಹಾಧಮನಿ, ಅದರಿಂದ ಕತ್ತಿಗೆ, ತೋಳಿಗೆ, ಮೂತ್ರಪಿಂಡಗಳಿಗೆ, ಕರುಳಿಗೆ, ಕಾಲುಗಳಿಗೆ ಕವಲೊಡೆಯುವ ಹಿರಿಯ ಶಾಖೆಗಳು, ಕೆಲವರಲ್ಲಿ ಶ್ವಾಸಕೋಶದ ಧಮನಿಯೂ ಸಹ, ಇವುಗಳ ಭಿತ್ತಿಯಲ್ಲಿ ಯಾವ ಸೋಂಕೂ ಇಲ್ಲದೆಯೇ ಉರಿಯೂತವೊಂದು ಹೊತ್ತಿಕೊಳ್ಳುತ್ತದೆ. ಶರೀರವನ್ನು ಕಾಯಬೇಕಾದ ರಕ್ಷಣಾವ್ಯವಸ್ಥೆಯೇ ಧಮನಿಯ ಹೊರಪದರದಿಂದ ಒಳನುಗ್ಗಿ ನಡುಪದರದ ಸ್ಥಿತಿಸ್ಥಾಪಕ ತಂತುಗಳನ್ನು ಹಾಳುಗೆಡಹುತ್ತದೆ. ಗಾಯ ಮಾಯುವಾಗ ಒಳಪದರವು ದಪ್ಪನಾಗಿ ಬೆಳೆದು ರಕ್ತದ ದಾರಿಯನ್ನು ಕಿರಿದುಗೊಳಿಸುತ್ತದೆ, ಕಡೆಗೆ ಮುಚ್ಚಿಯೇ ಬಿಡುತ್ತದೆ. ಕೆಲವೆಡೆ ಭಿತ್ತಿಯು ದುರ್ಬಲವಾಗಿ ಉಬ್ಬುವುದೂ ಉಂಟು. ಹೀಗೆ ಒಂದೇ ವ್ಯಾಧಿಯು ಮಿದುಳಿನಲ್ಲಿ ಪಾರ್ಶ್ವವಾಯುವಾಗಿ, ಕಣ್ಣಿನಲ್ಲಿ ಮಂಜಾಗಿ, ಹೃದಯದಲ್ಲಿ ಕವಾಟದ ಸೋರಿಕೆಯಾಗಿ, ಮೂತ್ರಪಿಂಡದ ದ್ವಾರದಿಂದ ಉಗ್ರವಾದ ರಕ್ತದೊತ್ತಡವಾಗಿ, ತೋಳಿನಲ್ಲಿ ಬರಿಯ ಆಯಾಸವಾಗಿ ತಲೆದೋರಬಲ್ಲುದು. ಯಾವ ಅಂಗದ ತಜ್ಞನಿಗೂ ಇದು ಪೂರ್ಣವಾಗಿ ಸೇರಿದುದಲ್ಲ. ಆದಕಾರಣವೇ ಇದು ಎಲ್ಲ ಅಂಗಗಳನ್ನೂ ಒಟ್ಟಾಗಿ ನೋಡುವ ನಿಮಗೆ ಸೇರಿದುದು.

ಇದರ ಇತಿಹಾಸದಲ್ಲಿ ನಮಗೆಲ್ಲ ಸಲ್ಲುವ ಒಂದು ಸಂಗತಿಯಿದೆ. 1908ರಲ್ಲಿ ಜಪಾನಿನ ಫುಕುಓಕಾ ನಗರದಲ್ಲಿ ಸೇರಿದ ನೇತ್ರವೈದ್ಯರ ಸಭೆಯಲ್ಲಿ ಕನಜಾವದ ಪ್ರಾಧ್ಯಾಪಕ ಮಿಕಿತೊ ತಕಯಾಸು ಅವರು, ಇಪ್ಪತ್ತನ್ನು ಆಗತಾನೆ ದಾಟಿದ್ದ ತರುಣಿಯೊಬ್ಬಳ ಕಣ್ಣಿನೊಳಗೆ, ದೃಷ್ಟಿನರವು ಹೊರಡುವ ಬಿಂದುವಿನ ಸುತ್ತ, ರಕ್ತನಾಳಗಳು ಮಾಲೆಯ ಆಕಾರದಲ್ಲಿ ಒಂದರೊಡನೊಂದು ಕೂಡಿಕೊಂಡಿರುವುದನ್ನು ವರ್ಣಿಸಿದರು. ಅವರು ಕಣ್ಣನ್ನು ಕಂಡರು. ಮಣಿಕಟ್ಟಿನ ವಿಷಯವಾಗಿ ಏನನ್ನೂ ಹೇಳಲಿಲ್ಲ. ಅದೇ ಸಭೆಯಲ್ಲಿ ಓನಿಶಿ ಮತ್ತು ಕಾಗೊಶಿಮಾ ಎಂಬ ಇಬ್ಬರು ವೈದ್ಯರು ಎದ್ದು, ಇಂಥವೇ ಕಣ್ಣುಗಳನ್ನುಳ್ಳ ತಮ್ಮ ರೋಗಿಗಳ ಕೈಯಲ್ಲಿ ನಾಡಿಯೇ ಸಿಗದೆಂಬುದನ್ನು ತಿಳಿಸಿದರು. ಕತ್ತಿನ ಧಮನಿಗಳು ಕಿರಿದಾಗಿ ಕಣ್ಣಿಗೆ ರಕ್ತವು ಸಾಲದೆ ಬಂದಾಗ ಅಲ್ಲಿ ಹುಟ್ಟುವ ಪರಿಹಾರಮಾರ್ಗವೇ ಆ ಮಾಲೆಯೆಂಬುದು ಕಾಲಾನಂತರದಲ್ಲಿ ಸ್ಪಷ್ಟವಾಯಿತು. ಇದಕ್ಕೂ ಅರ್ಧ ಶತಮಾನ ಮೊದಲೆ, 1856ರಲ್ಲಿ, ಲಂಡನ್ನಿನ ಶಸ್ತ್ರವೈದ್ಯ ವಿಲಿಯಂ ಸೇವರಿ ಅವರು ಎರಡೂ ತೋಳುಗಳ ಮತ್ತು ಕತ್ತಿನ ಎಡಭಾಗದ ಮುಖ್ಯ ಧಮನಿಗಳು ಪೂರ್ತಿ ಮುಚ್ಚಿಹೋಗಿದ್ದ ಯುವತಿಯೊಬ್ಬಳ ವೃತ್ತಾಂತವನ್ನು ಪ್ರಕಟಿಸಿದ್ದರು. 1951ರಲ್ಲಿ ಶಿಮಿಜು ಮತ್ತು ಸಾನೊ ಅವರು ಇಂಗ್ಲಿಷಿನಲ್ಲಿ ಬರೆದ ಲೇಖನದ ಮೂಲಕ ಇದು 'ನಾಡಿರಹಿತ ವ್ಯಾಧಿ'ಯೆಂದು ಲೋಕಕ್ಕೆ ಪರಿಚಿತವಾಯಿತು. ವ್ಯಾಧಿಗೆ ಹೆಸರನ್ನು ತಂದುಕೊಟ್ಟದ್ದು ನೇತ್ರದರ್ಶಕ ಯಂತ್ರವೇ ಆದರೂ, ಅದರ ಕೀಲಿಕೈ ಸಿಕ್ಕಿದ್ದು ರೋಗಿಯ ಕೈಹಿಡಿದು ನೋಡಿದವರಿಗೆ ಎಂಬುದನ್ನು ನಾನು ವಿದ್ಯಾರ್ಥಿಗಳಿಗೆ ಹೇಳದೆ ಬಿಟ್ಟದ್ದಿಲ್ಲ.

ಜಪಾನಿನ ರೋಗಿಗಳಲ್ಲಿ ಈ ಉರಿಯೂತವು ಬಹುಮಟ್ಟಿಗೆ ಮಹಾಧಮನಿಯ ಕಮಾನನ್ನೂ ಕತ್ತು ತೋಳುಗಳ ಶಾಖೆಗಳನ್ನೂ ಆಕ್ರಮಿಸುತ್ತದೆ. ಭಾರತದಲ್ಲಿಯಾದರೋ ಉದರದ ಮಹಾಧಮನಿ ಮತ್ತು ಮೂತ್ರಪಿಂಡಗಳ ಧಮನಿಗಳೇ ಹೆಚ್ಚಾಗಿ ಕೆಡುತ್ತವೆ. ಗಂಡುಮಕ್ಕಳೂ ಅಲ್ಲಿಗಿಂತ ಇಲ್ಲಿ ಹೆಚ್ಚಿನ ಪ್ರಮಾಣದಲ್ಲಿ ಸಿಕ್ಕಿಬೀಳುತ್ತಾರೆ. ಈ ಭೇದವು ಗ್ರಂಥಸ್ಥ ಕುತೂಹಲವಲ್ಲ. ಪಠ್ಯಪುಸ್ತಕದಲ್ಲಿ ನಾಡಿಯಿಲ್ಲದ ಕೈಯ ಚಿತ್ರವನ್ನಷ್ಟೇ ಕಂಡು ಬಂದ ವೈದ್ಯನ ಮುಂದೆ ನಮ್ಮ ನಾಡಿನ ರೋಗಿಯು ಬೇರೊಂದು ವೇಷದಲ್ಲಿ, ಅಂದರೆ ಹದಿನಾರು ವರ್ಷಕ್ಕೇ 180 ಮುಟ್ಟಿದ ರಕ್ತದೊತ್ತಡವನ್ನು ಹೊತ್ತು, ತಲೆಶೂಲೆಯೆಂದೋ ಮೂಗಿನಲ್ಲಿ ರಕ್ತ ಬಂತೆಂದೋ ಓಡಿದರೆ ಉಬ್ಬಸವೆಂದೋ ಹೇಳಿಕೊಂಡು ಬಂದು ನಿಲ್ಲುತ್ತಾಳೆ. ಮೂತ್ರಪಿಂಡಕ್ಕೆ ಹೋಗುವ ಧಮನಿ ಕಿರಿದಾದಾಗ ಶರೀರಕ್ಕೆಲ್ಲ ರಕ್ತ ಸಾಲದೆಂದು ಭ್ರಮಿಸಿದ ಆ ಅಂಗವು ರೆನಿನ್ ಎಂಬ ರಸವನ್ನು ಸ್ರವಿಸಿ ಒತ್ತಡವನ್ನು ಏರಿಸುತ್ತದೆಂಬುದನ್ನು ನೀವೆಲ್ಲ ಓದಿದ್ದೀರಿ. ಭಾರತದ ಯುವಜನರಲ್ಲಿ ಇಂಥ ಮೂತ್ರಪಿಂಡಧಮನಿ ಮೂಲದ ರಕ್ತದೊತ್ತಡಕ್ಕಿರುವ ಪ್ರಮುಖ ಕಾರಣಗಳ ಸಾಲಿನಲ್ಲಿ ತಕಯಾಸುವಿನ ಹೆಸರು ಮುಂದಿನದು. ಚಿಕ್ಕ ವಯಸ್ಸಿಗೆ ಬಿ.ಪಿ. ಏರಿದ್ದರೆ ಗುಳಿಗೆ ಬರೆದು ಕಳುಹಿಸುವುದರಲ್ಲಿಯೇ ಕರ್ತವ್ಯವು ಮುಗಿಯದು. ಏಕೆ ಏರಿತೆಂಬ ಪ್ರಶ್ನೆಯನ್ನು ಕೇಳಿಯೇ ತೀರಬೇಕು.

ಆದರೆ ನಾಡಿ ನಿಂತುಹೋಗುವುದಕ್ಕೂ ಒತ್ತಡ ಏರುವುದಕ್ಕೂ ಮೊದಲು, ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷಗಟ್ಟಲೆ ನಡೆಯುವ ಪೂರ್ವಾವಸ್ಥೆಯೊಂದುಂಟು. ನಿಜವಾದ ಅವಕಾಶವಿರುವುದು ಅಲ್ಲಿಯೇ. ನಮ್ಮ ಕೈಜಾರುವುದೂ ಅಲ್ಲಿಯೇ. ಸಂಜೆಯ ಹೊತ್ತಿಗೆ ಮೈ ಬೆಚ್ಚಗಾಗುತ್ತದೆ, ಮನೆಯವರು ಒಳಜ್ವರವೆನ್ನುತ್ತಾರೆ. ಊಟ ಸೇರದು, ತೂಕ ಇಳಿಯುತ್ತದೆ, ರಾತ್ರಿ ಬೆವರುತ್ತದೆ, ಕೀಲುಗಳು ನೋಯುತ್ತವೆ, ಕತ್ತಿನ ಪಕ್ಕದಲ್ಲಿ ಧಮನಿಯ ಮೇಲೆ ಬೆರಳಿಟ್ಟರೆ ನೋವೆನ್ನುತ್ತಾಳೆ. ರಕ್ತಪರೀಕ್ಷೆ ಮಾಡಿಸಿದರೆ ರಕ್ತಹೀನತೆಯಿದೆ, ಇಎಸ್‌ಆರ್ ಏರಿದೆ. ನಮ್ಮ ದೇಶದಲ್ಲಿ ಇಷ್ಟನ್ನು ಕೇಳಿದ ವೈದ್ಯನಿಗೆ ಕ್ಷಯವು ನೆನಪಾಗದಿದ್ದರೆ ಅವನು ವೈದ್ಯನೇ ಅಲ್ಲ. ಕ್ಷಯವನ್ನು ಸಂಶಯಿಸುವುದು ತಪ್ಪಲ್ಲ. ಅದನ್ನು ಶೋಧಿಸಿ, ಕಫದಲ್ಲಿಯೂ ಎದೆಯ ಚಿತ್ರದಲ್ಲಿಯೂ ಗ್ರಂಥಿಯಲ್ಲಿಯೂ ಆಧಾರ ಸಿಗದಿದ್ದಾಗ, ಮಾಂಟೂ ಪರೀಕ್ಷೆಯಲ್ಲಿ ಚರ್ಮವು ಕೆಂಪಾಗಿ ಉಬ್ಬಿತೆಂಬ ಒಂದೇ ಸಾಕ್ಷ್ಯವನ್ನು ಹಿಡಿದು ಆರು ತಿಂಗಳ ಔಷಧಿಯನ್ನು ಆರಂಭಿಸಿಬಿಡುವುದು ಮತ್ತು ಆ ಆರು ತಿಂಗಳೂ ಬೇರೆ ಯೋಚನೆಗೆ ಬಾಗಿಲನ್ನು ಹಾಕಿಕೊಳ್ಳುವುದು ತಪ್ಪು. ಈ ಧಮನಿಯುರಿತದ ಮೂಲದಲ್ಲಿ ಕ್ಷಯದ ಕೈವಾಡವಿದೆಯೇ ಎಂದು ವಿದ್ವಾಂಸರು ಬಹುಕಾಲ ಚರ್ಚಿಸಿದ್ದುಂಟು. ಆ ವಾದವಿನ್ನೂ ಮುಗಿದಿಲ್ಲ. ಅದೇನೇ ಇರಲಿ, ಕ್ಷಯದ ಔಷಧಿಗಳಿಂದ ತಕಯಾಸು ಗುಣವಾಗುವುದಿಲ್ಲ. ಆ ಅವಧಿಯಲ್ಲಿ ಧಮನಿಗಳು ಮಾತ್ರ ಕಿರಿದಾಗುತ್ತ ಹೋಗುತ್ತವೆ.

ನಾನು ಕಂಡ ಅನೇಕರಲ್ಲಿ ಒಬ್ಬಳ ಮಾತನ್ನು ಇಲ್ಲಿ ಹೇಳಬೇಕು. ಕಾಲೇಜಿನಲ್ಲಿ ಓದುತ್ತಿದ್ದ ಆಕೆ, ಬೆಳಿಗ್ಗೆ ಜಡೆ ಹೆಣೆದುಕೊಳ್ಳುವಾಗ ಎಡಗೈ ಸೋತುಬರುತ್ತದೆ, ಅರ್ಧಕ್ಕೆ ಕೈಯಿಳಿಸಿ ಸುಧಾರಿಸಿಕೊಂಡು ಮತ್ತೆ ಎತ್ತಬೇಕಾಗುತ್ತದೆ ಎಂದು ಮೊದಲಿನಿಂದಲೂ ಹೇಳಿಕೊಂಡಿದ್ದಳು. ಕೆಲಸದಲ್ಲಿ ತೊಡಗಿದಾಗ ಬಂದು ವಿಶ್ರಾಂತಿಯಿಂದ ಹೋಗುವ ಸೋಲು ಧಮನಿಯ ಸೋಲೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನುಡಿ ಬೇಕೆ? ಆದರೂ ಅದನ್ನು ಕೇಳಿದವರು ಒಬ್ಬೊಬ್ಬರು ಒಂದೊಂದು ಬಗೆಯಾಗಿ ಅರ್ಥೈಸಿದರು. ಒಬ್ಬರು ನಿಶ್ಶಕ್ತಿಯೆಂದು ಟಾನಿಕ್ಕು ಬರೆದರು. ಒಬ್ಬರು ಕತ್ತಿನ ಮೂಳೆಯ ಚಿತ್ರವನ್ನು ತೆಗೆಸಿದರು. ಒಬ್ಬರು ಪರೀಕ್ಷೆಯ ಭಯವಿರಬೇಕೆಂದು ನಕ್ಕು ಸಮಾಧಾನ ಹೇಳಿದರು. ನೆರೆಹೊರೆಯವರು ದೃಷ್ಟಿಯಾಗಿದೆಯೆಂದರು. ತಾಯಿಯೊಬ್ಬಳು ಮಾತ್ರ, ತನ್ನ ಮಗಳು ಸೋಮಾರಿಯಲ್ಲವೆಂದು, ಬಾವಿಯಿಂದ ನೀರು ಸೇದುತ್ತಿದ್ದ ಹುಡುಗಿ ಈಗ ಕೊಡವನ್ನೆತ್ತಲಾರಳೆಂದು, ಕಂಡವರೆದುರೆಲ್ಲ ಹಟಹಿಡಿದು ಹೇಳುತ್ತಿದ್ದಳು. ಹೆಣ್ಣುಮಕ್ಕಳ ದೂರುಗಳನ್ನು ಅವರ ಮನಸ್ಸಿನ ತಲೆಗೆ ಕಟ್ಟುವ ಈ ಅಭ್ಯಾಸವು ನಮ್ಮ ವೃತ್ತಿಗೆ ಶೋಭೆಯಲ್ಲ. ಮನಸ್ಸಿನ ಕಾರಣವನ್ನು ಹೇಳತಕ್ಕವನು ಮೊದಲು ಶರೀರವನ್ನು ಪೂರ್ತಿಯಾಗಿ ನೋಡಿ ಆ ಹಕ್ಕನ್ನು ಗಳಿಸಿಕೊಳ್ಳಬೇಕು.

ಆಕೆಯ ಹಳೆಯ ಚೀಟಿಗಳನ್ನೆಲ್ಲ ಹರಡಿಕೊಂಡು ನೋಡಿದಾಗ ರಕ್ತದೊತ್ತಡವು ಪ್ರತಿಯೊಂದರಲ್ಲಿಯೂ ಬರೆದೇ ಇತ್ತು: 110ರ ಮೇಲೆ 70, 114ರ ಮೇಲೆ 72, ಎಲ್ಲವೂ ನಿರ್ದೋಷ. ವಿಚಾರಿಸಿದಾಗ ಆಕೆಯೇ ಹೇಳಿದಳು: ಎಡಗೈಗೆ ಪಟ್ಟಿ ಕಟ್ಟಿದಾಗ ಸದ್ದು ಕೇಳಿಸುವುದಿಲ್ಲವೆಂದು ದಾದಿಯರು ಅದನ್ನು ಬಿಚ್ಚಿ ಬಲಗೈಗೆ ಕಟ್ಟುತ್ತಿದ್ದರಂತೆ, ವಿದ್ಯುದ್ಯಂತ್ರವಿದ್ದೆಡೆ ಅದು ದೋಷವೆಂದು ಸೂಚಿಸಿದಾಗ ಯಂತ್ರವೇ ಕೆಟ್ಟಿದೆಯೆಂದು ಕೈ ಬದಲಿಸಿದರಂತೆ. ವೈದ್ಯಬಂಧುಗಳೆ, ಈ ಪತ್ರದಲ್ಲಿ ನಿಮ್ಮ ನೆನಪಿನಲ್ಲಿ ಒಂದೇ ಒಂದು ಮಾತು ಉಳಿಯುವುದಾದರೆ ಅದು ಇದಾಗಲಿ ಎಂದು ನಾನು ಬಯಸುತ್ತೇನೆ. ಒಂದು ಕೈಯಲ್ಲಿ ಒತ್ತಡವು ಸಿಗಲಿಲ್ಲವೆಂಬುದು ಅಳತೆಯ ವೈಫಲ್ಯವಲ್ಲ, ಅದೇ ಅಳತೆ. ರೋಗನಿರ್ಣಯವೇ ಎದ್ದು ಬಂದು ಕೈಚಾಚಿರುವಾಗ ಅದನ್ನು ತಳ್ಳಿ, ನಿರಾತಂಕವಾದ ಇನ್ನೊಂದು ಸಂಖ್ಯೆಯನ್ನು ಹುಡುಕಿ ಬರೆದುಕೊಂಡದ್ದಾಯಿತು. 1905ರಲ್ಲಿ ರಷ್ಯದ ಶಸ್ತ್ರವೈದ್ಯ ನಿಕೊಲಾಯ್ ಕೊರೊಟ್ಕೊವ್ ಅವರು ತೋಳಿನ ಪಟ್ಟಿಯ ಕೆಳಗೆ ಕಿವಿಯಿಟ್ಟು ಆಲಿಸುವ ವಿಧಾನವನ್ನು ಹೇಳಿಕೊಟ್ಟ ಮೇಲೆ, ಶತಮಾನವೊಂದು ಕಳೆದರೂ, ಇದಕ್ಕಿಂತ ಅಗ್ಗವಾದ ಧಮನಿಪರೀಕ್ಷೆಯನ್ನು ಯಾರೂ ಕಂಡುಹಿಡಿದಿಲ್ಲ. ನಿಮ್ಮ ದಾದಿಯರಿಗೆ, ನಿಮ್ಮ ಕಾಂಪೌಂಡರಿಗೆ ಈ ಒಂದು ಪಾಠವನ್ನು ಹೇಳಿಕೊಡಿರಿ: ಸಿಗದ ಕೈಯನ್ನು ಬಿಡಬಾರದು, ಸಿಗಲಿಲ್ಲವೆಂಬುದನ್ನು, ಯಾವ ಕೈಯೆಂಬುದನ್ನು, ಚೀಟಿಯಲ್ಲಿ ಕಾಣುವಂತೆ ಬರೆಯಬೇಕು.

ಇನ್ನು ಪರೀಕ್ಷಾಕ್ರಮವನ್ನು ಕುರಿತು ನಾಲ್ಕು ಮಾತು. ಕಾರಣವು ತಿಳಿಯದ ಜ್ವರವೋ ಸುಸ್ತೋ ತಲೆನೋವೋ ತಲೆಸುತ್ತೋ ಇರುವ ಎಳೆವಯಸ್ಸಿನವರು ಬಂದಾಗ ಎರಡೂ ಮಣಿಕಟ್ಟುಗಳನ್ನು ಏಕಕಾಲದಲ್ಲಿ ಹಿಡಿಯಿರಿ. ಒಂದರ ಬಡಿತವು ಇನ್ನೊಂದಕ್ಕಿಂತ ಕ್ಷೀಣವಾಗಿದ್ದರೆ ಬೆರಳುಗಳು ತಾವೇ ಹೇಳುತ್ತವೆ. ತೋಳಿನ ಮಡಿಕೆಯಲ್ಲಿ, ಕತ್ತಿನ ಇಬ್ಬದಿಗಳಲ್ಲಿ ಒಂದಾದ ಮೇಲೊಂದರಂತೆ, ತೊಡೆಯ ಸಂದಿಯಲ್ಲಿ, ಪಾದದ ಮೇಲೆ ನಾಡಿಯನ್ನು ಅರಸಿರಿ. ಎರಡೂ ತೋಳುಗಳ ಒತ್ತಡವನ್ನು ಅಳೆದು ಮೇಲಿನ ಸಂಖ್ಯೆಯಲ್ಲಿ ಹತ್ತಕ್ಕಿಂತ ಹೆಚ್ಚು ಅಂತರವಿದ್ದರೆ ಅಳತೆಯನ್ನು ಪುನಃ ಮಾಡಿರಿ; ಅಂತರವು ನಿಂತರೆ ಅದಕ್ಕೆ ಕಾರಣವನ್ನು ಹುಡುಕಿರಿ. ಸ್ಟೆತಾಸ್ಕೋಪನ್ನು ಎದೆಗೂ ಬೆನ್ನಿಗೂ ಇಟ್ಟು ಎತ್ತಿಬಿಡದೆ, ಕೊರಳೆಲುಬಿನ ಮೇಲಿನ ಕುಳಿಗಳಲ್ಲಿಯೂ ಕತ್ತಿನ ಪಕ್ಕಗಳಲ್ಲಿಯೂ ಹೊಕ್ಕುಳಿನ ಮೇಲ್ಗಡೆ ಎಡಬಲಗಳಲ್ಲಿಯೂ ಬೆನ್ನಿನ ಕೆಳಭಾಗದಲ್ಲಿಯೂ ಇಟ್ಟು ಆಲಿಸಿರಿ. ಕಿರಿದಾದ ದಾರಿಯಲ್ಲಿ ರಕ್ತವು ನುಗ್ಗುವಾಗ ಹೊರಡುವ, ಬ್ರೂಯಿ ಎಂದು ನಾವೆಲ್ಲ ಕಲಿತಿರುವ ಆ ಸುಯ್‌ಧ್ವನಿಯು ಅಲ್ಲಿ ಕೇಳಿಬರಬಹುದು. ಇದಕ್ಕೆಲ್ಲ ಹಿಡಿಯುವ ಕಾಲವು, ಜನಸಂದಣಿಯ ನಡುವೆಯೂ, ಹೊರಲಾರದಷ್ಟು ದೀರ್ಘವಲ್ಲ. ಸಂಕೋಚದ ಪ್ರಶ್ನೆಯಿದ್ದಲ್ಲಿ ತಾಯಿಯನ್ನೋ ದಾದಿಯನ್ನೋ ಹತ್ತಿರ ನಿಲ್ಲಿಸಿಕೊಳ್ಳಿರಿ. ಆದರೆ ಸಂಕೋಚದ ನೆವದಿಂದ ತೊಡೆಸಂದಿಯ ನಾಡಿಯನ್ನು ನೋಡದೆ ಬಿಡಬೇಡಿರಿ.

ಇದರಲ್ಲಿ ಒಂದು ಕಪಟವುಂಟು. ಅದನ್ನು ವಿವರವಾಗಿಯೇ ಹೇಳಬೇಕು. ಎರಡೂ ತೋಳುಗಳಿಗೆ ಹೋಗುವ ಧಮನಿಗಳೂ ಕಿರಿದಾಗಿರುವಲ್ಲಿ ತೋಳಿನ ಒತ್ತಡವು ಕಡಮೆಯಾಗಿಯೇ, ಕೆಲವೊಮ್ಮೆ ಆರೋಗ್ಯವಂತರಂತೆಯೇ, ತೋರುತ್ತದೆ. ಮಹಾಧಮನಿಯೊಳಗಿನ ನಿಜವಾದ ಒತ್ತಡವಾದರೋ ಹೃದಯವನ್ನು ಉಬ್ಬಿಸುವಷ್ಟು, ಮೂತ್ರಪಿಂಡವನ್ನು ಕೆಡಿಸುವಷ್ಟು ಏರಿರಬಹುದು. ಹೃದಯವು ದೊಡ್ಡದಾಗಿದೆ, ಕಣ್ಣಿನ ಒಳಪದರದಲ್ಲಿ ಒತ್ತಡದ ಗುರುತುಗಳಿವೆ, ಮೂತ್ರದಲ್ಲಿ ಆಲ್ಬುಮಿನ್ ಇದೆ, ಆದರೆ ಬಿ.ಪಿ. ಸರಿಯಾಗಿಯೇ ಇದೆ ಎಂಬ ಒಗಟು ಎದುರಾದಾಗ ಕಾಲಿಗೆ ಪಟ್ಟಿಯನ್ನು ಕಟ್ಟಿರಿ. ತೊಡೆಗೆ ತಕ್ಕ ಅಗಲವಾದ ಪಟ್ಟಿಯು ಬೇಕು, ಮೊಣಕಾಲಿನ ಹಿಂದೆ ಆಲಿಸಬೇಕು. ಇದಕ್ಕೆ ವಿಪರೀತವಾಗಿ, ಉದರದ ಮಹಾಧಮನಿಯೇ ಕಿರಿದಾದವರಲ್ಲಿ ತೋಳಿನ ಒತ್ತಡ ಏರಿ ಕಾಲಿನದು ಇಳಿದಿರುತ್ತದೆ. ಕಾಲಿನ ನಾಡಿಯು ತಡವಾಗಿ, ಬಲಗುಂದಿ ಬರುತ್ತದೆ. ಹುಟ್ಟಿನಿಂದಲೇ ಮಹಾಧಮನಿಯು ಇಕ್ಕಟ್ಟಾಗಿರುವ ಮಕ್ಕಳಲ್ಲಿಯೂ ಇದೇ ಚಿಹ್ನೆಯುಂಟೆಂಬುದು ನಿಜ. ಎರಡರಲ್ಲಿ ಯಾವುದೆಂದು ಹೇಳುವುದು ಮುಂದಿನವರ ಕೆಲಸ, ಎರಡರಲ್ಲೊಂದಿದೆಯೆಂದು ಹೇಳುವುದು ನಿಮ್ಮದು.

ಮಕ್ಕಳ ವಿಷಯವು ಇನ್ನೂ ಹೆಚ್ಚಿನ ವ್ಯಥೆಯನ್ನುಂಟುಮಾಡುತ್ತದೆ. ಎಂಟು ಹತ್ತು ವರ್ಷದ ಮಗುವಿನ ರಕ್ತದೊತ್ತಡವನ್ನು ನೋಡುವ ಪದ್ಧತಿಯೇ ನಮ್ಮಲ್ಲಿ ಬೇರೂರಿಲ್ಲ. ಅನೇಕ ಕಡೆ ಮಗುವಿನ ತೋಳಿಗೆ ಒಪ್ಪುವ ಸಣ್ಣ ಪಟ್ಟಿಯೇ ಇರುವುದಿಲ್ಲ. ಮೂರು ವರ್ಷ ತುಂಬಿದ ಮಗುವಿನ ಒತ್ತಡವನ್ನು ವರ್ಷಕ್ಕೊಮ್ಮೆಯಾದರೂ ಅಳೆಯಬೇಕೆಂಬುದು ಶಿಶುವೈದ್ಯರು ಒಪ್ಪಿಕೊಂಡಿರುವ ನಿಯಮ. ಪದೇಪದೇ ತಲೆನೋವೆನ್ನುವ, ಕಾರಣವಿಲ್ಲದೆ ಸೆಳವು ಬಂದ, ಹೃದಯವು ಇದ್ದಕ್ಕಿದ್ದಂತೆ ದುರ್ಬಲವಾದ ಮಗುವಿನಲ್ಲಿ ಈ ಅಳತೆಯನ್ನು ಬಿಟ್ಟು ಬೇರೆಲ್ಲ ಪರೀಕ್ಷೆಗಳನ್ನೂ ಮಾಡಿಸಿದ ಕಡತಗಳನ್ನು ನೋಡಿ ನಾನು ಮರುಗಿದ್ದೇನೆ. ಮಕ್ಕಳಿಗೆ ಕೈ ಸೋಲುತ್ತದೆಂದು ಹೇಳಲು ಬರುವುದಿಲ್ಲ. ಅವರು ಆಟವನ್ನು ಬಿಟ್ಟು ಕುಳಿತುಕೊಳ್ಳುತ್ತಾರೆ, ಅಷ್ಟೆ. ಅದನ್ನು ಗಮನಿಸಿದ ಶಾಲೆಯ ಉಪಾಧ್ಯಾಯಿನಿಯ ಮಾತಿಗೂ ನಿಮ್ಮ ಚೀಟಿಯಲ್ಲಿ ಸ್ಥಾನವಿರಬೇಕು.

ಪ್ರಯೋಗಶಾಲೆಯನ್ನು ಕುರಿತು ಹೇಳುವುದು ಹೆಚ್ಚಿಲ್ಲ. ಇಎಸ್‌ಆರ್ ಮತ್ತು ಸಿಆರ್‌ಪಿಗಳು ಏರಿದ್ದರೆ ಉರಿಯೂತಕ್ಕೆ ಬೆಂಬಲವಾದ ಸಾಕ್ಷ್ಯ. ಆದರೆ ಅವು ಸರಿಯಾಗಿವೆಯೆಂದ ಮಾತ್ರಕ್ಕೆ ಧಮನಿಯೊಳಗಿನ ಕಿಚ್ಚು ಆರಿದೆಯೆಂದು ತಿಳಿಯಲಾಗದು. ಶಾಂತವಾಗಿದೆಯೆಂದು ನಂಬಿದ್ದ ರೋಗಿಗಳಿಗೆ ಶಸ್ತ್ರಚಿಕಿತ್ಸೆ ಮಾಡಿದಾಗ ತೆಗೆದ ಧಮನಿಯ ತುಣುಕಿನಲ್ಲಿ ಉರಿಯೂತವು ಜೀವಂತವಾಗಿದ್ದುದನ್ನು ಸಂಶೋಧಕರು ಕಂಡಿದ್ದಾರೆ. ಈ ವ್ಯಾಧಿಯನ್ನು ಹೌದು ಅಥವಾ ಅಲ್ಲವೆಂದು ಘೋಷಿಸುವ ಒಂದೇ ರಕ್ತಪರೀಕ್ಷೆಯಿಲ್ಲ. ಕೆಲವು ಜನಾಂಗಗಳಲ್ಲಿ ಎಚ್‌ಎಲ್‌ಎ-ಬಿ52 ಎಂಬ ಆನುವಂಶಿಕ ಗುರುತಿನೊಡನೆ ಸಂಬಂಧವು ಕಂಡುಬಂದಿದ್ದರೂ ನಿರ್ಣಯಕ್ಕೆ ಅದರಿಂದ ಉಪಯೋಗವಿಲ್ಲ. ನಿರ್ಣಾಯಕವಾದುದು ಧಮನಿಗಳ ಚಿತ್ರಣ: ಕತ್ತಿನ ಮತ್ತು ಮೂತ್ರಪಿಂಡಗಳ ಧಮನಿಗಳ ಡಾಪ್ಲರ್, ಅನಂತರ ಸಿ.ಟಿ. ಅಥವಾ ಎಂ.ಆರ್. ಆಂಜಿಯೋಗ್ರಾಮ್. ಜಿಲ್ಲಾಕೇಂದ್ರಗಳಲ್ಲಿ ಡಾಪ್ಲರ್ ಈಗ ಸುಲಭವಾಗಿ ದೊರೆಯುತ್ತದೆ. ಆದರೆ ಕೇಳಿದ ಜಾಗವನ್ನು ಮಾತ್ರ ಅದು ನೋಡುತ್ತದೆ. ಬರಿದೆ ಹೊಟ್ಟೆಯ ಸ್ಕ್ಯಾನಿಂಗ್ ಎಂದು ಬರೆದು ಕಳುಹಿಸಿದರೆ ಪಿತ್ತಕೋಶದ ಕಲ್ಲಿನ ವರದಿ ಬರಬಹುದು, ಮಹಾಧಮನಿಯ ವರದಿ ಬಾರದು.

ಈ ವ್ಯಾಧಿಯ ಅಧ್ಯಯನದಲ್ಲಿ ನಮ್ಮ ದೇಶದ ಪಾಲು ಚಿಕ್ಕದಲ್ಲವೆಂಬುದನ್ನು ಅಭಿಮಾನದಿಂದಲೇ ನೆನೆಯಬೇಕು. 1988ರಲ್ಲಿ ಜಪಾನಿನ ಇಶಿಕಾವ ಅವರು ರಚಿಸಿದ ನಿರ್ಣಯಸೂತ್ರಗಳನ್ನು ಚಂಡೀಗಢದ ಬಿ. ಕೆ. ಶರ್ಮ ಮತ್ತು ಸಂಗಡಿಗರು ತೊಂಬತ್ತರ ದಶಕದಲ್ಲಿ ತಿದ್ದಿ, ನಮ್ಮ ರೋಗಿಗಳಿಗೂ ಒಪ್ಪುವಂತೆ ಮಾಡಿದರು. ವ್ಯಾಧಿಯು ಚುರುಕಾಗಿದೆಯೋ ಅಡಗಿದೆಯೋ ಎಂಬುದನ್ನು ಹಾಸಿಗೆಯ ಪಕ್ಕದಲ್ಲಿಯೇ ಅಳೆಯುವುದಕ್ಕೆ ಭಾರತದ ಸಂಧಿವಾತ ತಜ್ಞರು ಸೇರಿ ರೂಪಿಸಿದ ಐಟಾಸ್ 2010 ಎಂಬ ಅಂಕಪದ್ಧತಿಯನ್ನು ಹೊರದೇಶಗಳವರೂ ಬಳಸುತ್ತಾರೆ; ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಇಂಥ ರೋಗಿಗಳ ಬಹು ದೊಡ್ಡ ಸಮೂಹವೊಂದು ಚಿಕಿತ್ಸೆಯನ್ನು ಪಡೆಯುತ್ತಿದೆ. ಆ ಅಂಕಪದ್ಧತಿಯಲ್ಲಿ ಗಣನೆಗೆ ಬರುವುದೇನು? ಹೊಸದಾಗಿ ಕಳೆದುಹೋದ ನಾಡಿ, ಹೊಸದಾಗಿ ಕೇಳಿಬಂದ ಬ್ರೂಯಿ, ನಾಡಿಗಳಲ್ಲಿ ಅಸಮತೆ, ಒತ್ತಡದ ಏರಿಕೆ, ಕೈಕಾಲಿನ ಸೋಲು. ತಜ್ಞರಲ್ಲಿ ತಜ್ಞರಾದವರೂ ಕಡೆಗೆ ನಿಮ್ಮ ಬಳಿಯಿರುವ ಉಪಕರಣಗಳಿಂದಲೇ ಅಳೆಯುತ್ತಾರೆ.

ನಿರ್ಣಯಕ್ಕೆ ಮುಂಚೆಯೇ ಕೆಡುಕನ್ನು ಮಾಡಬಲ್ಲ ಎರಡು ಔಷಧಗಳ ವಿಷಯದಲ್ಲಿ ಎಚ್ಚರಿಕೆಯನ್ನು ಹೇಳದಿದ್ದರೆ ನನ್ನ ಪತ್ರವು ಅಪೂರ್ಣವಾಗುತ್ತದೆ. ಬಿಡದ ಜ್ವರಕ್ಕೂ ಮೈಕೈನೋವಿಗೂ ಡೆಕ್ಸಾಮೆಥಸೋನನ್ನೋ ಬೀಟಾಮೆಥಸೋನನ್ನೋ ಸೂಜಿಯಲ್ಲಿಯೂ ಗುಳಿಗೆಯಲ್ಲಿಯೂ ಕೊಟ್ಟುಬಿಡುವ ಪದ್ಧತಿಯೊಂದು ಅಲ್ಲಲ್ಲಿ ಬಳಕೆಯಲ್ಲಿದೆ. ತಕಯಾಸುವಿನ ರೋಗಿಗೆ ಅದರಿಂದ ಎರಡು ದಿನಗಳಲ್ಲಿ ಹಿತವೆನಿಸುತ್ತದೆ, ಜ್ವರವಿಳಿಯುತ್ತದೆ, ಇಎಸ್‌ಆರ್ ಕೂಡ ತಗ್ಗುತ್ತದೆ. ಸಾಕ್ಷ್ಯವೆಲ್ಲ ಅಳಿಸಿಹೋಗಿ, ಕ್ರಮವಿಲ್ಲದ ಮಾತ್ರೆಯ ಅಡಿಯಲ್ಲಿ ವ್ಯಾಧಿಯು ತನ್ನ ಕೆಲಸವನ್ನು ಮುಂದುವರಿಸುತ್ತದೆ. ನಿಜವಾಗಿ ಕ್ಷಯವೇ ಇದ್ದರೆ ಅದು ಹರಡಲೂಬಹುದು. ಎರಡನೆಯದು, ಎಳೆಯರ ರಕ್ತದೊತ್ತಡಕ್ಕೆ ಎನಲಾಪ್ರಿಲ್, ರಾಮಿಪ್ರಿಲ್, ಟೆಲ್ಮಿಸಾರ್ಟಾನ್ ವರ್ಗದ ಗುಳಿಗೆಗಳು. ಎರಡೂ ಮೂತ್ರಪಿಂಡಗಳ ಧಮನಿಗಳು ಕಿರಿದಾಗಿರುವವರಲ್ಲಿ, ಅಥವಾ ಇರುವ ಒಂದೇ ಮೂತ್ರಪಿಂಡದ ಧಮನಿಯು ಕಿರಿದಾಗಿರುವಲ್ಲಿ, ಇವು ಆ ಅಂಗದ ಕಾರ್ಯವನ್ನೇ ಕುಸಿಯುವಂತೆ ಮಾಡುತ್ತವೆ. ಕೊಡಲೇಬೇಕಾಗಿದ್ದರೆ ಒಂದೆರಡು ವಾರದೊಳಗೆ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ನೋಡಿರಿ. ಕ್ರಿಯಾಟಿನಿನ್ ಗಣನೀಯವಾಗಿ ಏರಿದರೆ ಔಷಧವನ್ನು ನಿಲ್ಲಿಸಿ, ಆ ಏರಿಕೆಯನ್ನೇ ರೋಗದ ಸುಳಿವೆಂದು ತಿಳಿಯಿರಿ.

ಚಿಕಿತ್ಸೆಯು ತಜ್ಞರ ಕೈಯಲ್ಲಿ ನಡೆಯತಕ್ಕದ್ದು. ಪ್ರೆಡ್ನಿಸೊಲೋನನ್ನು ಮೊದಲು ದೊಡ್ಡ ಮಾತ್ರೆಯಲ್ಲಿ ಕೊಟ್ಟು ತಿಂಗಳುಗಳ ಅವಧಿಯಲ್ಲಿ ಮೆಲ್ಲಮೆಲ್ಲನೆ ಇಳಿಸುವುದು, ಅದರೊಡನೆ ಮೆಥೊಟ್ರೆಕ್ಸೇಟ್, ಅಜಥಯೋಪ್ರಿನ್, ಮೈಕೋಫಿನೊಲೇಟ್ ಮುಂತಾದವುಗಳಲ್ಲೊಂದನ್ನು ಸೇರಿಸುವುದು, ಅದಕ್ಕೂ ಬಗ್ಗದಿದ್ದರೆ 2017ರಲ್ಲಿ ಜಪಾನು ಈ ವ್ಯಾಧಿಗೆಂದೇ ಅನುಮತಿಯಿತ್ತ ಟೋಸಿಲಿಝುಮಾಬ್‌ನಂಥ ದುಬಾರಿ ಔಷಧಗಳಿಗೆ ಹೋಗುವುದು, ಉರಿಯೂತವು ಶಮನವಾದ ಮೇಲೆ ಅವಶ್ಯವಿದ್ದಲ್ಲಿ ಕಿರಿದಾದ ಧಮನಿಯನ್ನು ಬಲೂನಿನಿಂದ ಹಿಗ್ಗಿಸುವುದು, ಇದು ಅದರ ಸ್ಥೂಲವಾದ ಕ್ರಮ. ಆದರೆ ವರ್ಷಗಳ ಕಾಲ ನಡೆಯುವ ಈ ಚಿಕಿತ್ಸೆಯು ನಿಜವಾಗಿ ನಡೆಯುವುದು ನಿಮ್ಮ ಊರಿನಲ್ಲಿಯೇ. ಮುಖ ಊದಿತೆಂದು, ಪಕ್ಕದ ಮನೆಯವರು ಸ್ಟೀರಾಯ್ಡ್ ಕೆಟ್ಟದ್ದೆಂದರೆಂದು ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸಿ ಅಪಾಯಕ್ಕೊಳಗಾಗುವ ಹುಡುಗಿಯನ್ನು ತಡೆಯಬಲ್ಲವರು ಬೆಂಗಳೂರಿನವರಲ್ಲ, ನೀವು. ಮದುವೆಯ ಮಾತು ಬಂದಾಗ ರೋಗವನ್ನು ಮುಚ್ಚಿಡಬೇಕೆಂದು, ಮುಚ್ಚಿಡಲು ಗುಳಿಗೆಯನ್ನು ಬಿಡಬೇಕೆಂದು ಹಿರಿಯರು ತೀರ್ಮಾನಿಸುವ ಮನೆಗಳನ್ನು ನೀವೂ ಬಲ್ಲಿರಿ. ಆ ಹಿರಿಯರೊಡನೆ ಕುಳಿತು, ವ್ಯಾಧಿಯು ಹತೋಟಿಯಲ್ಲಿರುವಾಗ, ಗರ್ಭಕ್ಕೆ ಹಾನಿಮಾಡುವ ಮೆಥೊಟ್ರೆಕ್ಸೇಟ್, ಮೈಕೋಫಿನೊಲೇಟ್‌ಗಳನ್ನು ಮುಂಚಿತವಾಗಿ ಬದಲಿಸಿಕೊಂಡು, ತಜ್ಞರ ಕಣ್ಗಾವಲಿನಲ್ಲಿ ಅನೇಕರು ಆರೋಗ್ಯವಾದ ಮಕ್ಕಳನ್ನು ಹೆತ್ತಿದ್ದಾರೆಂಬುದನ್ನು ತಿಳಿಯಹೇಳಿರಿ. ಬಸುರಿನಲ್ಲಿ ಆಕೆಯ ಒತ್ತಡವನ್ನು ಯಾವ ಅಂಗದಲ್ಲಿ ಅಳೆದರೆ ಸತ್ಯವು ತಿಳಿಯುತ್ತದೆಂಬುದನ್ನು ತಾಯಿಕಾರ್ಡಿನ ಮೇಲೆ ದೊಡ್ಡದಾಗಿ ಬರೆದುಕೊಡಿರಿ.

ಇಷ್ಟರ ಮೇಲೆ ನಾನು ಕೇಳಿಕೊಳ್ಳುವುದು ಒಂದು ಒಳ್ಳೆಯ ಕಾಗದವನ್ನು. ಸಂಶಯವು ಹುಟ್ಟಿದ ದಿನ ರೋಗಿಯನ್ನು ಸಂಧಿವಾತ ತಜ್ಞರಿರುವ, ಅವರಿಲ್ಲದಿದ್ದರೆ ಹೃದ್ರೋಗ ಅಥವಾ ಮೂತ್ರಪಿಂಡ ತಜ್ಞರಿರುವ ಆಸ್ಪತ್ರೆಗೆ ಕಳುಹಿಸುವಾಗ, ಹೆಚ್ಚಿನ ಚಿಕಿತ್ಸೆಗಾಗಿ ಕಳುಹಿಸಲಾಗಿದೆ ಎಂಬ ಒಂದು ಸಾಲಿಗೆ ಮುಗಿಸಬೇಡಿರಿ. ಜ್ವರವು ಎಂದು ಆರಂಭವಾಯಿತು, ತೂಕವೆಷ್ಟು ಇಳಿಯಿತು, ಯಾವ ಕೈ ಯಾವ ಕೆಲಸದಲ್ಲಿ ಸೋಲುತ್ತದೆ, ಕ್ಷಯದ ಔಷಧವನ್ನು ಯಾವಾಗ ಎಷ್ಟು ಕಾಲ ಕೊಟ್ಟದ್ದುಂಟು, ಸ್ಟೀರಾಯ್ಡ್ ಬಿದ್ದಿದೆಯೆ, ನಾಲ್ಕೂ ಅಂಗಗಳಲ್ಲಿ ಒತ್ತಡವೆಷ್ಟು, ಯಾವ ನಾಡಿ ಸಿಕ್ಕಿತು, ಯಾವುದು ಸಿಗಲಿಲ್ಲ, ಬ್ರೂಯಿ ಎಲ್ಲಿ ಕೇಳಿಸಿತು ಎಂಬುದನ್ನು ಅರ್ಧ ಪುಟದಲ್ಲಿ ಬರೆದು, ಕಡೆಯಲ್ಲಿ ತಕಯಾಸು ಇರಬಹುದೆ ಎಂಬ ಪ್ರಶ್ನೆಯನ್ನು ನಿಸ್ಸಂಕೋಚವಾಗಿ ಸೇರಿಸಿರಿ. ನಿಮ್ಮ ಊಹೆ ತಪ್ಪಾದರೆ ಯಾರೂ ನಗುವುದಿಲ್ಲ. ನಕ್ಕರೆ ಅವರ ವಿದ್ಯೆಗೇ ಕುಂದು. ಆ ಕಾಗದದ ನಕಲೊಂದನ್ನು ರೋಗಿಯ ತಾಯಿಯ ಕೈಯಲ್ಲಿಯೂ ಕೊಡಿರಿ, ದೊಡ್ಡ ಆಸ್ಪತ್ರೆಯ ಸಾಲುಗಳಲ್ಲಿ ಮೂಲಪ್ರತಿಯು ಕಳೆದುಹೋಗುವುದುಂಟು. ಮತ್ತು ಹದಿನೈದು ದಿನಗಳೊಳಗೆ ಆಕೆ ಅಲ್ಲಿಗೆ ತಲುಪಿದಳೆ ಎಂದು ದೂರವಾಣಿಯಲ್ಲಿ ವಿಚಾರಿಸಿರಿ.

ಇತಿ,
ನಿಮ್ಮ ವೃತ್ತಿಬಂಧು,
ಒಬ್ಬ ನಿವೃತ್ತ ವೈದ್ಯ